ಮೂರನೆಯ ಸಲಕ್ಕೆ ಕಾದವಳು

ನಮ್ಮಕ್ಕನ ಕಣ್ಣು ತಪ್ಪಿಸಿ ಮನೆಯಲ್ಲಿ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ಯಾರಿಂದಲೂ ಆಗದ ಮಾತು. ಡಬ್ಬಿಯ ಮುಚ್ಚಳ ಅರ್ಧ ಸುತ್ತು ಕಡಿಮೆ ತಿರುಗಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಅಂಥ ಕಣ್ಣಿಗೆ ಸಂಬಳ ಕೊಡುವ ಜಾಗವೂ ಸಿಕ್ಕಿತ್ತು. ಊರಾಚೆ ಗುಡ್ಡದ ಮೇಲೆ ಆಕಾಶ ಸಂಶೋಧನೆಯ ಕೇಂದ್ರವಿದೆ. ಓದು ಮುಗಿದದ್ದೇ ಅಲ್ಲಿ ಸೇರಿದಳು. ತಲೆಗೂದಲು ನರೆಯುವ ಹೊತ್ತಿಗೂ ಅದೇ ಕೋಣೆ, ಅದೇ ಕಿಟಕಿ ಪಕ್ಕದ ಮೇಜು.

ಕೆಲಸ ಏನು ಎಂದು ಕೇಳಿದ್ದಕ್ಕೆ ಒಮ್ಮೆ ನನ್ನ ಹೊಲಿಗೆ ಮಷೀನಿನ ದೀಪ ಹಚ್ಚಿ, ಅದರ ಮುಂದೆ ನನ್ನದೇ ಒಂದು ಗುಂಡುಸೂಜಿಯನ್ನು ಆಚೆ ಈಚೆ ಸರಿಸಿದಳು.

"ದೀಪ ನಕ್ಷತ್ರ. ಸೂಜಿ ತಲೆ ಅದನ್ನ ಸುತ್ತೋ ಗ್ರಹ. ಅಡ್ಡ ಬಂದಾಗ ಬೆಳಕು ಒಂದು ಚೂರು ಮಸುಕಾಗುತ್ತೆ. ಆ ಚೂರನ್ನ ಹಿಡಿಯೋದೇ ನನ್ನ ಕೆಲಸ."

ದೊಡ್ಡ ನಕ್ಷತ್ರದ ಮುಂದೆ ಪುಟ್ಟ ಗ್ರಹ ಹಾದರೆ ಏನೂ ತಿಳಿಯುವುದಿಲ್ಲವಂತೆ. ಅದಕ್ಕೇ ಅವಳು ಹತ್ತಿರದ ಕೆಂಪು ಕುಬ್ಜ ನಕ್ಷತ್ರಗಳನ್ನು ಹಿಡಿದು ಕೂತಿದ್ದಳು. ಹತ್ತಿರ ಅನ್ನುವುದು ಬಾಯಿಮಾತಿಗೆ. ಬರಿಗಣ್ಣಿಗೆ ಒಂದೂ ಕಾಣದು. ಅವು ಸಣ್ಣವು, ಮಂಕು ಬೆಳಕಿನವು, ಮತ್ತು ಅವುಗಳ ಮಗ್ಗುಲಲ್ಲೇ ನಮ್ಮ ಭೂಮಿಯಷ್ಟು ಗಾತ್ರದ ಗ್ರಹಗಳು ಕೆಲವೇ ದಿನಗಳಿಗೊಂದು ಸುತ್ತು ಹಾಕಿಬಿಡುತ್ತವೆ.

"ಅಡ್ಡ ಬರದೆ ಮೇಲೋ ಕೆಳಗೋ ಹಾದು ಸುತ್ತಿದ್ರೆ?" ಎಂದೆ.

"ಕಾಣಲ್ಲ. ನಮ್ಮ ಕಣ್ಣಿಗೆ ಅಡ್ಡ ಬರೋವು ಕಡಿಮೆ ಕಣೇ. ಬರದೆ ಇರೋವೇ ಜಾಸ್ತಿ."

ಆ ಮಾತು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಹೊರಬಂತು. ನನಗೆ ನನ್ನ ಗುಂಡುಸೂಜಿ ವಾಪಸ್ ಬೇಕಿತ್ತು.

ಅವರ ಕೇಂದ್ರದಲ್ಲಿ ಒಂದು ಕಟ್ಟುಪಾಡಿದೆ. ಬೆಳಕು ಮಸುಕಾದದ್ದು ಒಂದು ಸಲ ಕಂಡರೆ ಉಪಕರಣದ ಚೇಷ್ಟೆ ಎನ್ನಬೇಕು. ಎರಡನೆಯ ಸಲ ಕಂಡರೆ ನಕ್ಷತ್ರದ ಮೈಮೇಲಿನ ಕಲೆ ಇದ್ದೀತು ಎನ್ನಬೇಕು; ಈ ಕೆಂಪು ಕುಬ್ಜಗಳಿಗೆ ಮೈತುಂಬ ಕಲೆ, ಜೊತೆಗೆ ಇದ್ದಕ್ಕಿದ್ದಂತೆ ಬೆಂಕಿ ಕಾರುವ ಚಾಳಿ. ಮೂರನೆಯ ಸಲ ಕಂಡರೆ ಮಾತ್ರ ಬಾಯಿ ಬಿಡಬೇಕು. ಸೇರಿದ ಹೊಸತರಲ್ಲಿ ಅಕ್ಕ ಎರಡಕ್ಕೇ ಬಾಯಿ ಬಿಟ್ಟಿದ್ದಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು, ಮೂರನೆಯ ಮಸುಕು ಮಾತ್ರ ಬರಲೇ ಇಲ್ಲ. ಅವಳು ಕ್ಯಾಂಟೀನಿಗೆ ಕಾಲಿಟ್ಟರೆ ಜನ ತಟ್ಟೆ ನೋಡಿಕೊಂಡು ನಗುತ್ತಿದ್ದರಂತೆ. ಅವತ್ತು ತಿಂದ ಏಟಿಗೆ ಯಾರು ಏನು ತೋರಿಸಿದರೂ "ಇನ್ನೊಂದ್ಸಲ ನೋಡೋಣ" ಎನ್ನುವುದು ರೂಢಿಯಾಯಿತು. ಬೆನ್ನ ಹಿಂದೆ ಅವಳಿಗೆ ‘ಇನ್ನೊಂದ್ಸಲ ಮೇಡಂ’ ಎಂದೇ ಹೆಸರು.

ಭಾವ ಬಸ್ ಡ್ರೈವರ್. ಊರಿನಿಂದ ಗುಡ್ಡದ ಮೇಲಿನ ಕೇಂದ್ರದ ಗೇಟಿನವರೆಗೆ ಅವರ ಬಸ್ಸು. ದಿನಾ ಅದೇ ಬಸ್ಸಿಗೆ ಹತ್ತಿ ಹತ್ತಿ ಅಕ್ಕ ಡ್ರೈವರನ್ನೇ ಮದುವೆಯಾದಳು.

"ಸೂಜಿ, ನಾನು ಎರಡು ಸಲ ಕೇಳ್ದಾಗ ನಿಮ್ಮಕ್ಕ ಮುಖ ತಿರುಗಿಸಿದ್ಲು, ಮೂರನೇ ಸಲ ಹೂಂ ಅಂದ್ಲು. ನನ್ನನ್ನೂ ಗ್ರಹ ಅಂದ್ಕೊಂಡಿದ್ಲು" ಎಂದು ಭಾವ ನನ್ನ ಹತ್ತಿರ ನಗುತ್ತಿದ್ದರು. ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ನಾಲಿಗೆಯೂ ಸ್ವಲ್ಪ ಚುಚ್ಚುವಂಥದ್ದು. ಹಾಗಾಗಿ ಭಾವನ ಬಾಯಲ್ಲಿ ನಾನು ಸೂಜಿ.

ಒಂದು ಬೆಳಿಗ್ಗೆ ಭಾವ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಲೋಟ ತುಂಬಿತು, ನೀರು ಮೇಜಿನ ಮೇಲೆ ಹರಿದು ಅವರ ಪ್ಯಾಂಟಿಗೆ ಇಳಿಯಿತು, ಜಗ್ಗು ಬಗ್ಗಿಯೇ ಇತ್ತು. ಕಣ್ಣು ತೆರೆದಿತ್ತು, ಆದರೆ ಒಳಗೆ ಯಾರೂ ಇದ್ದಂತಿರಲಿಲ್ಲ. ಆಮೇಲೆ "ಅಯ್ಯೋ, ಇದೇನಿದು" ಎಂದು ತಾವೇ ನಕ್ಕರು. ಇದನ್ನು ನೋಡಿದವಳು ಅಕ್ಕ ಒಬ್ಬಳೇ. ನಿದ್ದೆ ಸಾಲದಿರಬೇಕು ಎಂದುಕೊಂಡಳು.

ಕೆಲವು ದಿನ ಕಳೆದು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದವರ ಕೈ ಅರ್ಧಕ್ಕೆ ನಿಂತಿತು. ಅಕ್ಕ ಕರೆದಳು, ಉತ್ತರವಿಲ್ಲ. ಮುಖದ ಮುಂದೆ ಕೈ ಆಡಿಸಿದಳು, ರೆಪ್ಪೆ ಮಿಟುಕಲಿಲ್ಲ. ಆಮೇಲೆ ಬಾಚಣಿಗೆ ನಿಂತ ಜಾಗದಿಂದಲೇ ಮುಂದಕ್ಕೆ ಹೋಯಿತು, ಏನೂ ಆಗಲೇ ಇಲ್ಲ ಅನ್ನುವ ಹಾಗೆ.

ಅವತ್ತು ಅಕ್ಕ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಕಂಡದ್ದನ್ನೆಲ್ಲ ಹೇಳಿದಳು.

"ಅಕ್ಕಾ, ಅವರು ಬಸ್ ಓಡಿಸ್ತಾರೆ ಕಣೇ. ಅದರಲ್ಲಿ ಸ್ಕೂಲ್ ಮಕ್ಕಳಿರ್ತಾರೆ."

"ಗೊತ್ತು. ಆದ್ರೆ ಎರಡೇ ಸಲ ಆಗಿರೋದು. ಏನೋ ಯೋಚನೇಲಿ ಇದ್ದಿರಬಹುದು. ಡಾಕ್ಟ್ರು ಒಂದು ಮಾತು ಬರೆದ್ರೆ ಡಿಪೋದವರು ಸ್ಟೀರಿಂಗ್ ಕಿತ್ಕೋತಾರೆ. ಆಮೇಲೆ ಏನೂ ಇಲ್ಲ ಅಂತ ಆದ್ರೆ ವಾಪಸ್ ಕೊಡೋರು ಯಾರು? ಇನ್ನೊಂದ್ಸಲ ನೋಡೋಣ."

ನನಗೆ ಪಿತ್ತ ನೆತ್ತಿಗೇರಿತು. "ನಿನ್ನ ನಕ್ಷತ್ರದ ಕಾನೂನು ಗುಡ್ಡದ ಮೇಲೆ ಇಟ್ಕೋ. ಮೂರನೇದು ತಿರುವಿನಲ್ಲಿ ಬಂದ್ರೆ ಏನ್ ಮಾಡ್ತೀಯ?"

ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಅವಳ ನೆತ್ತಿ ಬೆವರಿತ್ತು. ಹೆದರಿಕೆ ನನಗಿಂತ ಅವಳಿಗೇ ಹೆಚ್ಚು ಅನ್ನುವುದು ಆಗ ತಿಳಿಯಿತು.

ಮರುದಿನದಿಂದ ಅಕ್ಕ ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟು ಎಂಜಿನ್ ಪಕ್ಕದ ಸೀಟಿಗೆ ಬಂದಳು. ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಕಣ್ಣು ಭಾವನ ಮುಖದ ಮೇಲೆ. ಹೆಂಡತಿಗೆ ಈ ವಯಸ್ಸಿನಲ್ಲಿ ಪ್ರೀತಿ ಉಕ್ಕಿದೆ ಎಂದು ಕಂಡಕ್ಟರು ಚುಡಾಯಿಸಿದರಂತೆ, ಭಾವನಿಗೂ ಖುಷಿಯೇ. ನಡುವಿನ ಟ್ರಿಪ್ಪುಗಳಿಗೆ ಮಾತ್ರ ಯಾರೂ ಕಾವಲಿರಲಿಲ್ಲ. ಆ ಹೊತ್ತಿನಲ್ಲಿ ಅಕ್ಕ ಆಫೀಸಿನಿಂದ ಮತ್ತೆ ಮತ್ತೆ ನನಗೆ ಫೋನ್ ಮಾಡಿ, ಬಸ್ಸು ನಮ್ಮ ಬೀದಿ ದಾಟಿತಾ ಎಂದು ಕೇಳುತ್ತಿದ್ದಳು. ನಾನು ಕತ್ತರಿ ಕೆಳಗಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಹಾರ್ನ್ ಕೇಳಿಸುವುದು ಒಂದಿಷ್ಟು ತಡವಾದರೂ ಬೀದಿಯ ತುದಿಯವರೆಗೆ ಹೋಗಿ ನೋಡುತ್ತಿದ್ದೆ. ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡಗೈ ತೋಳನ್ನೇ ಹೊಲಿದು ಬೈಸಿಕೊಂಡೆ. ಊಟದ ಹೊತ್ತಿಗೆ ಭಾವ ತುತ್ತು ಅಗಿಯುತ್ತ ಸುಮ್ಮನಾದರೆ ಅಕ್ಕ ತಂಗಿ ಇಬ್ಬರೂ ಊಟ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆವು.

"ಏನು, ನನ್ನ ಮೂಗಿನ ಮೇಲೆ ಅನ್ನ ಅಂಟಿದೆಯಾ?" ಎನ್ನುತ್ತಿದ್ದರು ಅವರು.

ಕೇಂದ್ರದವರು ಒಂದು ಕೋಣೆಗೆ ಕಪ್ಪು ಪರದೆ ಹೊಲಿಯಲು ಕೊಟ್ಟಿದ್ದರು. ಅದನ್ನು ಒಪ್ಪಿಸಲು ಒಂದು ಬೆಳಿಗ್ಗೆ ನಾನೂ ಅದೇ ಬಸ್ಸು ಹತ್ತಿದೆ. ಗುಡ್ಡದ ಅರ್ಧದಲ್ಲಿ ಶಾಲೆ. ಬಸ್ಸಿನ ತುಂಬ ಮಕ್ಕಳು, ಅವರ ಚೀಲ, ಅವರ ಗಲಾಟೆ. ಪರದೆಯ ಗಂಟು ತೊಡೆಯ ಮೇಲಿಟ್ಟುಕೊಂಡು ನಾನು ಅಕ್ಕನ ಹಿಂದೆ ಕೂತೆ.

ಏರು ಶುರುವಾಯಿತು. ಬಸ್ಸು ಏದುಸಿರು ಬಿಡುತ್ತ ನಿಧಾನಕ್ಕೆ ಹತ್ತುತ್ತಿತ್ತು. ಮುಂದೆ ಬಲಕ್ಕೆ ತಿರುವು, ತಿರುವಿನ ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆಗೆ ಬರೀ ಮರಗಳ ತುದಿ. ಬಸ್ಸು ತಿರುಗಲಿಲ್ಲ. ಭಾವನ ಕೈ ಸ್ಟೀರಿಂಗಿನ ಮೇಲೇ ಇತ್ತು, ಕಣ್ಣು ರಸ್ತೆಯ ಮೇಲೇ ಇತ್ತು, ಬಸ್ಸು ಮಾತ್ರ ನೆಟ್ಟಗೆ ಕಟ್ಟೆಯ ಕಡೆಗೆ ಹೋಗುತ್ತಿತ್ತು.

"ರೀ" ಎಂದಳು ಅಕ್ಕ. ಅಷ್ಟರಲ್ಲೇ ಎಂಜಿನ್ ಮೇಲೆ ಬಿದ್ದು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎಳೆದಿದ್ದಳು. ಇನ್ನೊಮ್ಮೆ ಬಗ್ಗಿ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಮುಂದಿನ ಚಕ್ರ ಕಟ್ಟೆಗೆ ಉಜ್ಜಿ, ಒಂದು ಕಲ್ಲು ಕಿತ್ತು ಕೆಳಗೆ ಉರುಳಿ, ಬಸ್ಸು ನಿಂತಿತು. ಆ ಕಲ್ಲು ತಳ ಮುಟ್ಟಿದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಅಳತೊಡಗಿದರು.

ಭಾವ ಸುತ್ತಲೂ ನೋಡಿದರು. "ಯಾಕೆ ಅಳ್ತಿದಾವೆ ಮಕ್ಕಳು?" ಎಂದು ಕೇಳಿದರು.

ಯಾರಿಗೂ ಪೆಟ್ಟಾಗಿರಲಿಲ್ಲ. ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಕಂಡಕ್ಟರು ಶಾಲೆಯ ಕಡೆ ಹೋದರು. ನಾವು ಮೂವರು ಕಟ್ಟೆಯ ಈಚೆ ನೆಲದ ಮೇಲೆ ಕೂತೆವು. ಅಕ್ಕನ ಅಂಗೈ ಸುಲಿದಿತ್ತು. ನಾನು ಪರದೆಯ ಬಟ್ಟೆಯಿಂದ ಒಂದು ಪಟ್ಟಿ ಹರಿದು ಕಟ್ಟಿದೆ. ಬೈಯಬೇಕು ಎಂದು ಎಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದೆನೋ, ಒಂದು ಮಾತೂ ನೆನಪಾಗಲಿಲ್ಲ.

"ಇದು ಮೂರನೇ ಸಲ ರೀ" ಎಂದಳು ಅಕ್ಕ. "ನೀರು ಬಗ್ಗಿಸುವಾಗ ಒಂದು, ತಲೆ ಬಾಚುವಾಗ ಒಂದು. ಹೇಳ್ಬೇಕಿತ್ತು, ಹೇಳ್ಲಿಲ್ಲ."

ಭಾವ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. "ಮೂರಲ್ಲ" ಎಂದರು. "ನನಗೆ ತಿಳಿದಿರೋದೇ ಒಂಬತ್ತು. ಸಿಗ್ನಲ್ ಕೆಂಪಿರುತ್ತೆ, ನೋಡ್ತಿದ್ದ ಹಾಗೇ ಹಿಂದಿನವರು ಹಾರ್ನ್ ಹೊಡೀತಿರ್ತಾರೆ. ನಡುವಿನದು ನನ್ನ ಹತ್ರ ಇರಲ್ಲ."

ಅಕ್ಕ ಅವರನ್ನೇ ದಿಟ್ಟಿಸಿದಳು. ಕಣ್ಣಿಗೆ ಅಡ್ಡ ಬರದೆ ಇರುವುವೇ ಜಾಸ್ತಿ ಎಂದು ಗುಂಡುಸೂಜಿ ಹಿಡಿದು ಹೇಳಿದವಳು ಇವಳೇ.

"ಮತ್ತೆ ಯಾಕ್ ಸುಮ್ನಿದ್ರಿ?" ಎಂದು ನಾನು ಕೂಗಿದೆ.

"ಹೆದರಿಕೆ ಆಗ್ತಿತ್ತು ಸೂಜಿ. ಆಮೇಲೆ ಯೋಚ್ನೆ ಮಾಡ್ದೆ. ನಿಮ್ಮಕ್ಕ ದಿನಾ ನನ್ನ ಪಕ್ಕದಲ್ಲೇ ಕೂತಿರ್ತಾಳೆ, ನನ್ನ ಮುಖಾನೇ ನೋಡ್ತಿರ್ತಾಳೆ. ಎಲ್ಲೋ ಇರೋ ನಕ್ಷತ್ರ ಚೂರು ಮಸುಕಾದ್ರೂ ಹಿಡಿಯೋಳು ಅವಳು. ನನಗೆ ನಿಜವಾಗ್ಲೂ ಏನಾದ್ರೂ ಆಗಿದ್ರೆ ಅವಳು ಸುಮ್ನಿರ್ತಿದ್ಲಾ? ಅವಳು ಏನೂ ಅನ್ನಲಿಲ್ಲ. ಅದಕ್ಕೇ ಏನೂ ಇಲ್ಲ ಅಂತ ಧೈರ್ಯ ತಗೊಂಡು ಓಡಿಸ್ತಾ ಇದ್ದೆ."

ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ಎದ್ದು ಹೋಗಿ ಬಸ್ಸಿನಿಂದ ಕೀ ಕಿತ್ತು ತನ್ನ ಕೈಚೀಲಕ್ಕೆ ಹಾಕಿಕೊಂಡಳು.