ಮೊಣಕೈ ಮಡಚುವ ಪಾಠ

ನಮ್ಮ ಕ್ರಿಕೆಟ್ ತಂಡಕ್ಕೆ ನಾನು ಕ್ಯಾಪ್ಟನ್. ಗೆಲ್ಲಿಸುತ್ತಿದ್ದವನು ಮಾತ್ರ ಬಂಟ್ವಾಳದ ಕಡೆಯ ಒಬ್ಬ ವೇಗದ ಬೌಲರ್. ದುಬೈಯ ಅಲ್ ಕೂಜ್‌ನ ಗೋದಾಮಿನಲ್ಲಿ ಕೆಲಸ, ಅಲ್ಲೇ ಕಾರ್ಮಿಕರ ಕ್ಯಾಂಪಿನಲ್ಲಿ ವಾಸ. ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಆದರೂ ದುಬೈ ಲೆಕ್ಕದಲ್ಲಿ ಅವನು ಬ್ಯಾಚುಲರ್. ಸಂಸಾರ ಜೊತೆಗಿಲ್ಲದವನಿಗೆ ಇಲ್ಲಿ ಅದೇ ಹೆಸರು, ಅಜ್ಜನಾದರೂ ಬಿಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮ್ಯಾಚು, ಮಧ್ಯಾಹ್ನ ಅಲ್ ಕುಸೈಸ್‌ನ ನಮ್ಮ ಕಟ್ಟಡದ ಹಾಲಿನಲ್ಲಿ ಎಲ್ಲ ಮನೆಯವರೂ ಸೇರಿ ಊಟ. ಹಾಲಿನೊಳಗೆ ಫ್ಯಾಮಿಲಿಗಳಿಗೆ ಮಾತ್ರ ಪ್ರವೇಶ. ಮೊದಲ ಸಲ ಅವನನ್ನು ಕರೆತಂದಾಗ ವಾಚ್‌ಮನ್ "ಯೇ ಕೌನ್ ಹೈ?" ಎಂದು ತಡೆದ. ತಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಲಿನ ಉಸ್ತುವಾರಿಯ ಸೆಕ್ರೆಟರಿ ಹಿಂದೆಯೇ ನಿಂತಿದ್ದರು, ನಾನೋ ಮಹಾ ಪುಕ್ಕಲ. "ಪ್ಲೇಯರ್" ಅಂದೆ. ಅವನು ಹೊರಗೇ ಉಳಿದ. ಅಂದಿನಿಂದ ಅವನ ಬಿರಿಯಾನಿ ಪೊಟ್ಟಣವನ್ನು ನಾನೇ ಕೆಳಗೆ ಒಯ್ಯುತ್ತಿದ್ದೆ, ಅವನು ನನ್ನ ಕಾರಿನಲ್ಲಿ ಕೂತು ತಿನ್ನುತ್ತಿದ್ದ. "ಏಸಿ ಉಂಟಲ್ಲ ಅಣ್ಣ, ಇನ್ನೆಂತ ಬೇಕು" ಅನ್ನುತ್ತಿದ್ದ.

ಆ ವರ್ಷ ನನ್ನ ಹತ್ತು ವರ್ಷದ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು: ಹಿಂದಿನ ಕಾಲದ ಒಬ್ಬ ಆಟಗಾರ ತಾನೇ ಎಂಬಂತೆ ಐದು ನಿಮಿಷ ಮಾತಾಡಬೇಕು. ಅವಳ ಪಾಲಿಗೆ ಬಂದವನು ಅಮೆರಿಕದ ಕಪ್ಪು ಜನಾಂಗದ ಒಬ್ಬ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡೆಸೆಯುವವನು. ಬಿಳಿಯರ ತಂಡದಲ್ಲಿ ಅವನಿಗೆ ಜಾಗವಿಲ್ಲ. ದಿನವಿಡೀ ಎಸೆದು ಗೆದ್ದರೂ ಆ ಊರಿನ ಹೋಟೆಲಿನೊಳಗೆ ಬಿಡುತ್ತಿರಲಿಲ್ಲ; ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ. ಇದನ್ನೆಲ್ಲ ಓದಿ ಹೇಳುತ್ತಾ ಅವಳ ಭಾಷಣವನ್ನು ನಾನೇ ಬರೆದುಕೊಟ್ಟೆ.

"ಸೇಮ್ ಲೈಕ್ ಅಂಕಲ್, ನೋ?" ಅಂದಳು ಮಗಳು.

"ಅದು ಬೇರೆ, ಇದು ಬೇರೆ" ಅಂದೆ. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಮಾತಿನ ನಡುವೆ ಎಸೆದು ತೋರಿಸಬೇಕಿತ್ತು; ಅದನ್ನು ಕಲಿಯಲು ಅವಳು ನಮ್ಮ ಬೌಲರನ್ನೇ ಹಿಡಿದಳು. ಪಾರ್ಕಿಂಗಿನಲ್ಲಿ ಇಬ್ಬರ ತಾಲೀಮು. ಕ್ರಿಕೆಟ್‌ನಲ್ಲಿ ಮೊಣಕೈ ಮಡಚಿ ಎಸೆದರೆ ನೋಬಾಲ್, ಪಿಚರ್ ಮಡಚಲೇಬೇಕು. ಅವನ ಕೈಗೆ ಅದು ಒಗ್ಗಲೇ ಇಲ್ಲ. "ಮಡಚಬಾರ್ದು ಅಂತ ಸಣ್ಣ ಇರುವಾಗ ಪೆಟ್ಟು ತಿಂದದ್ದು ಅಣ್ಣ" ಎಂದು ನಗುತ್ತಾ, ತಾನೂ ತಪ್ಪುತ್ತಾ ಕಲಿಸಿದ.

ಶಾಲೆಗೆ ಮುಂಚೆ ಹಾಲಿನಲ್ಲೊಮ್ಮೆ ಮಾತಾಡಿಸೋಣ ಎಂದು ಸೆಕ್ರೆಟರಿಯೇ ಹೇಳಿದಾಗ ಆಗಲಿ ಅಂದುಬಿಟ್ಟೆ, ಆಮೇಲೆ ಹೆದರಿದೆ. ಬಸ್ಸಿನ ಜೊತೆ ಇವಳು ಕಾರಿನ ಮಾತನ್ನೂ ಎತ್ತಿದರೆ? ಎಲ್ಲರೆದುರು ನನ್ನ ಮಾನ ಹೋಗುತ್ತದೆ. ಬಸ್ಸಿನ ಸಾಲು ಬಿಟ್ಟುಬಿಡು ಎಂದು ಎರಡು ಸಲ ಹೇಳಲು ಹೋಗಿ, ಟೋಪಿ ಸಿಕ್ಕಿತಾ ಎಂದು ಕೇಳಿ ಬಂದೆ.

ಶುಕ್ರವಾರ ಮಗಳು ಟೋಪಿ ಹಾಕಿ ನಿಂತಳು. ನಾನು ಸೆಕ್ರೆಟರಿಯ ಮುಖವನ್ನೇ ನೋಡುತ್ತಿದ್ದೆ. ಬಸ್ಸಿನ ಸಾಲು ಬಂತು. ಅದರ ಹಿಂದೆಯೇ ನಾನು ಬರೆದುಕೊಡದ ಒಂದು ಮಾತು: ನಮ್ಮ ಕ್ಯಾಪ್ಟನ್ ಪ್ರತಿ ಸಲವೂ ಬಸ್ಸಿಗೇ ಊಟ ತಂದುಕೊಡುತ್ತಿದ್ದರು, ಅವರು ತುಂಬ ಒಳ್ಳೆಯವರು. ಇಂಗ್ಲಿಷಿನಲ್ಲಿ ಹಾಗೆ ಹೇಳಿ ನನ್ನ ಕಡೆ ನೋಡಿ ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಸೆಕ್ರೆಟರಿ ಎಲ್ಲರಿಗಿಂತ ಜೋರಾಗಿ. ಅವಳು ನನ್ನನ್ನು ದೂರಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಪೊಟ್ಟಣ ಹಿಡಿದು ಕೆಳಗಿಳಿದೆ. ಅವನು ಕಾರಿನ ಗಾಜು ಇಳಿಸಿ ಕಾಯುತ್ತಿದ್ದ.

"ಮೊಣಕೈ ಮಡಚಿದ್ಳಾ ಅಣ್ಣ?"

ನಾನು ಅವಳ ಕೈಯನ್ನು ನೋಡಿಯೇ ಇರಲಿಲ್ಲ.

"ಸರಿ ಬಂತು ಮಾರಾಯ" ಅಂದೆ. ಅವನು ಖುಷಿಯಿಂದ ಪೊಟ್ಟಣ ಬಿಚ್ಚಿದ.