ಒಂಬತ್ತನೇ ಪೆಟ್ಟಿಗೆಯ ಮುನಿಸ್ವಾಮಿ

ಸೂರ್ಯ ಮುಳುಗಿದ ಮೇಲೆ, ಕತ್ತಲಾಗುವ ಮುಂಚೆ, ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಂದು ಹತ್ತು ನಿಮಿಷ ಇದೆ. ಆಗ ಮನೆಗಳಿಗೆ ಬಣ್ಣ ಇರುವುದಿಲ್ಲ, ಜನರಿಗೆ ಮುಖ ಇರುವುದಿಲ್ಲ. ಆ ಹೊತ್ತಿನಲ್ಲಿ ಮಲಗಬಾರದು, ತಲೆ ಬಾಚಬಾರದು, ಕಸ ಗುಡಿಸಬಾರದು ಎಂದು ನಮ್ಮ ಅತ್ತೆ ರುದ್ರಾಣಮ್ಮ ಮದುವೆಯಾದಾಗಿನಿಂದ ನನ್ನ ತಲೆ ತಿಂದಿದ್ದಾರೆ. ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ಬಾಗಿಲಲ್ಲಿ ನಿಂತು ಕಾಯಬೇಕಂತೆ. ಕಾಯುತ್ತಿರುವಾಗಲೇ ಬೀದಿ ದೀಪ ಹತ್ತುತ್ತದೆ. ನಾವೆಲ್ಲ ಕೈ ಮುಗಿಯುತ್ತೇವೆ.

ಆ ದೀಪ ತಾನಾಗಿಯೇ ಹತ್ತುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ವಿದ್ಯುತ್ ಪಾಠ ಮಾಡುತ್ತಿದ್ದ ವಾಣಿ ಟೀಚರ್ ನಾನೇ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ದೀಪ ಹಾಕುತ್ತಿದ್ದವರು ಮುನಿಸ್ವಾಮಿ. ಮನೆ ಬಿನ್ನಿಪೇಟೆಯಲ್ಲಿ, ಅಪ್ಪ ಬಟ್ಟೆ ಗಿರಣಿಯಲ್ಲಿದ್ದವರು. ಮಿಲ್ಲಿನ ಸೈರನ್ನು ಕೂಗಿದರೆ ಎದ್ದು, ಕೂಗಿದರೆ ಉಂಡು ಬೆಳೆದ ಮನೆ. ಸೈರನ್ನು ನಿಂತುಹೋದ ಮೇಲೆ ಈ ಕೆಲಸ ಸಿಕ್ಕಿತು. ಕಂಟ್ರಾಕ್ಟರ ಕೈಕೆಳಗೆ ಮೂವತ್ತೊಂದು ವರ್ಷ, ದಿನವೂ ಹದಿನೇಳು ಸ್ವಿಚ್ ಪೆಟ್ಟಿಗೆ. ಕಲಾಸಿಪಾಳ್ಯದ ಕಡೆಯಿಂದ ಹೊರಟರೆ ನಮ್ಮದು ಒಂಬತ್ತನೆಯದು. ಅದು ಇರುವುದು ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ, ಗೋಡೆಗೆ ಒತ್ತಿಕೊಂಡು. ಮೊಪೆಡ್ ನಿಲ್ಲಿಸಿ, ನಮ್ಮ ಹಿತ್ತಿಲ ಬಾಗಿಲಲ್ಲಿ ಒಂದು ಲೋಟ ನೀರು ಕುಡಿದು, ಪೆಟ್ಟಿಗೆ ತೆರೆದು, ಹಿಡಿಯನ್ನು ಮೇಲಕ್ಕೆತ್ತಿ ಹತ್ತನೆಯದಕ್ಕೆ ಹೋಗಿಬಿಡುತ್ತಿದ್ದರು.

ಕಂಟ್ರಾಕ್ಟರ ಕಾಗದದಲ್ಲಿ ಆರೂವರೆ ಎಂದಿತ್ತು. ಮುನಿಸ್ವಾಮಿ ಗಡಿಯಾರ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಯಾವಾಗ ಹಾಕಬೇಕು ಅಂತ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದೆ.

"ಹಕ್ಕಿ ಹಾರೋದು ಕಾಣ್ಬೇಕು, ಯಾವ್ ಹಕ್ಕಿ ಅಂತ ಕಾಣ್ಬಾರ್ದು. ಆಗ ಹಾಕ್ಬೇಕು ಟೀಚರಮ್ಮ," ಅಂದರು.

ನನ್ನ ಯಾವ ಪಾಠಪುಸ್ತಕದಲ್ಲೂ ಇದು ಇರಲಿಲ್ಲ.

ಹೋದ ಡಿಸೆಂಬರಿನಲ್ಲಿ ನಮ್ಮ ಮಹಡಿಯ ಕೋಣೆಗೆ ಐನೋ ಎಂಬ ಹುಡುಗಿ ಬಂದಳು. ಫಿನ್ಲೆಂಡಿನವಳು. ಬೇರೆ ಬೇರೆ ದೇಶದ ಕಲಾವಿದರನ್ನು ಕರೆಸಿ ಮೂರು ತಿಂಗಳು ಇಲ್ಲೇ ಇರಿಸಿಕೊಂಡು ಕೆಲಸ ಮಾಡಿಸುವ ಒಂದು ಸಂಸ್ಥೆ ಬಸವನಗುಡಿಯಲ್ಲಿತ್ತು. ಬಣ್ಣ, ಕುಂಚದವರಲ್ಲ, ಕ್ಯಾಮೆರಾ, ಕಂಪ್ಯೂಟರು, ಪ್ರೊಜೆಕ್ಟರು ಹಿಡಿದು ಬೀದಿಯಲ್ಲೇ ಚಿತ್ರ ಮಾಡುವವರು. ಬೀದಿಯಲ್ಲಿ ಈಗಾಗಲೇ ಇರುವುದು ಸಾಲದೇ ಎಂದು ಅತ್ತೆ ಗೊಣಗಿದರು. ತನ್ನ ಊರಿನಲ್ಲಿ ಚಳಿಗಾಲ ಬಂದರೆ ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ ಎಂದು ಐನೋ ಹೇಳಿದಾಗ ಮಾತ್ರ ಅತ್ತೆಯ ಮುಖ ಸಣ್ಣಗಾಯಿತು. ಹಾಗಾದರೆ ಸಂಜೆ ದೀಪ ಹಚ್ಚುವುದು ಯಾವಾಗ ಎಂದು ಕೇಳಿದರು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಆ ಹುಡುಗಿ ಎದ್ದು ಹೋಗಿ ಕಿಟಕಿಯಿಂದ ಬೀದಿಯನ್ನು ನೋಡಿದಳು.

ಅಂದಿನಿಂದ ದಿನವೂ ಮುಸ್ಸಂಜೆ ಮಹಡಿಯ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡು ಬೀದಿಯನ್ನು ನೋಡುತ್ತಾ ನಿಲ್ಲುತ್ತಿದ್ದಳು. ಏನು ತೆಗೆಯುತ್ತೀಯೆ ಎಂದರೆ ಇನ್ನೂ ಗೊತ್ತಿಲ್ಲ ಅನ್ನುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇ ಎಂದು ನನಗೂ ಅನಿಸಿತ್ತು, ಸುಳ್ಳೇಕೆ ಹೇಳಲಿ.

ಫೆಬ್ರವರಿ ಕೊನೆಯ ದಿನ ಅವಳ ಪ್ರದರ್ಶನ, ಎದುರಿನ ಮುಚ್ಚಿದ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ. ಚಿತ್ರ ಕಾಣಬೇಕಲ್ಲ, ಅಂದು ಏಳೂವರೆಯವರೆಗೆ ಬೀದಿ ದೀಪ ಹಾಕಕೂಡದು ಎಂದು ಪಾಲಿಕೆಯಿಂದ ಅನುಮತಿ ಪತ್ರವೂ ಬಂತು. ಪ್ರದರ್ಶನಕ್ಕೆ ಎರಡು ದಿನ ಮುಂಚೆ ಮುನಿಸ್ವಾಮಿ ನೀರು ಕುಡಿದರೂ ಲೋಟ ಕೆಳಗಿಡಲಿಲ್ಲ. ಹದಿನಾರು ಪೆಟ್ಟಿಗೆಗೆ ಆಗಲೇ ಟೈಮರ್ ಕೂರಿಸಿಯಾಗಿದೆ, ಒಂದನೇ ತಾರೀಕು ಒಂಬತ್ತನೆಯದಕ್ಕೂ ಬರುತ್ತದೆ, ಅಲ್ಲಿಗೆ ತಮ್ಮ ಕೆಲಸ ಮುಗಿಯಿತು ಎಂದು ತಿಳಿಸಿದರು.

"ಆಯಮ್ಮಂಗೆ ಒಂದಿನ ಮುಂದಕ್ಕೆ ಹಾಕ್ಕೊಳಕ್ಕೆ ಹೇಳ್ತೀರಾ? ನಾಡಿದ್ದು ನಂದು ಕೊನೇ ದಿನ. ಹೊತ್ತು ಮೀರಿ ಯಾವತ್ತೂ ಹಾಕಿಲ್ಲ ನಾನು."

ನನಗೆ ಐನೋ ಮೇಲೆ ಸಿಟ್ಟು ನೆತ್ತಿಗೇರಿತು. ಮೆಟ್ಟಿಲು ಹತ್ತಿಹೋಗಿ ಒಂದೇ ಉಸಿರಿಗೆ ಹೇಳಿದೆ. ಅವಳು ತಕ್ಷಣ ಸಂಸ್ಥೆಗೆ ಫೋನ್ ಮಾಡಿದಳು. ಆಮಂತ್ರಣ ಹೋಗಿಯಾಗಿದೆ, ಅನುಮತಿ ಆ ಒಂದು ದಿನಕ್ಕೆ ಮಾತ್ರ, ಬದಲಾಯಿಸಲು ಆಗುವುದಿಲ್ಲ ಎಂದರು. ಅವಳ ಕಣ್ಣು ತುಂಬಿತು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಆ ಹಿಡಿ ಎತ್ತುವಾಗ ಅವರಿಗೆ ಏನು ಕಾಣುತ್ತದೆ?

ಮರುದಿನ ಅದನ್ನೇ ಮುನಿಸ್ವಾಮಿಯನ್ನು ಕೇಳಿದೆ.

"ಪೆಟ್ಟಿಗೆ ಕಾಣ್ಸುತ್ತೆ," ಅಂದರು. "ಹತ್ತಿರೋ ಬೀದಿ ಎಲ್ಲಾ ನೋಡಿದೀನಿ ಟೀಚರಮ್ಮ. ಹತ್ತೋದು ನೋಡಿಲ್ಲ."

ಪ್ರದರ್ಶನದ ಸಂಜೆ ಬಂತು. ಹತ್ತು ನಿಮಿಷ ಕಳೆಯಿತು, ದೀಪ ಬರಲಿಲ್ಲ. ಮುಸ್ಸಂಜೆಯಲ್ಲಿ ಬೀದಿ ಕತ್ತಲು ಮಾಡಿದ್ದಾರಲ್ಲ ಎಂದು ಅತ್ತೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಸೇರಿಸಿ ಬಯ್ದರು. ಮುನಿಸ್ವಾಮಿ ತಮ್ಮ ಹೊತ್ತಿಗೆ ಸರಿಯಾಗಿ ಬಂದು ಗಲ್ಲಿಯ ಮೂಲೆಯಲ್ಲಿ ನಿಂತಿದ್ದರು. ತಲೆಯ ಮೇಲೆ ಒಂದು ಹಕ್ಕಿ ಹೋಯಿತು. ಯಾವುದೆಂದು ನನಗೆ ಕಾಣಲಿಲ್ಲ. ಅವರ ಮುಷ್ಟಿಯೊಳಗೆ ಪೆಟ್ಟಿಗೆಯ ಬೀಗದ ಕೈ ಸಣ್ಣಗೆ ಸದ್ದು ಮಾಡಿತು. ಅವರ ಪಕ್ಕಕ್ಕೆ ಹೋಗಿ ನಿಂತೆ.

ಏಳಕ್ಕೆ ಗಿರಣಿಯ ಗೋಡೆ ಬೆಳಗಿತು. ನೋಡಿದರೆ ನಮ್ಮದೇ ಬೀದಿ, ಅದೇ ಬಣ್ಣವಿಲ್ಲದ ಹೊತ್ತು. ಗೋಡೆಯೊಳಗೆ ದೀಪ ಹತ್ತಿತು. ಚಿತ್ರದೊಳಗಿನ ಬಾಗಿಲಲ್ಲಿ ನಿಂತ ಅತ್ತೆ ಕೈ ಮುಗಿದರು. ಮತ್ತೆ ಮಸುಕು, ಮತ್ತೆ ದೀಪ. ಈಗ ಆಟೋದ ಅನಿಲ್ ಕುಮಾರ್ ಹ್ಯಾಂಡಲ್ ಬಿಟ್ಟು ಕೈ ಜೋಡಿಸಿದ. ಇಡ್ಲಿ ಗಾಡಿಯವನು ಸೌಟು ಹಿಡಿದುಕೊಂಡೇ ಹಣೆ ಮುಟ್ಟಿಕೊಂಡ. ಎದುರು ಮನೆಯ ಲಾಸ್ಯಾ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಗಿದಳು. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದ ನಾನೂ ಇದ್ದೆ. ಒಂದೊಂದೇ ಸಂಜೆ, ಹೀಗೆ ಎಪ್ಪತ್ತು ಸಂಜೆ. ಮಾತಿಲ್ಲ, ಹಾಡಿಲ್ಲ. ಮೊದಮೊದಲು ತಮ್ಮನ್ನು ತಾವೇ ಕಂಡು ನಕ್ಕ ಜನ ಆಮೇಲೆ ಸುಮ್ಮನಾದರು. ನಾವು ಇಷ್ಟೊಂದು ಸಲ ಕೈ ಮುಗಿದಿದ್ದೇವೆಯೇ ಎಂದು ನನಗೇ ಕನಸಿನಂತೆ ಅನಿಸಿತು.

"ದಿನಾ ಹಿಂಗೇ ಮಾಡ್ತಾರಾ?" ಮುನಿಸ್ವಾಮಿ ಮೆಲ್ಲಗೆ ಕೇಳಿದರು.

"ದಿನಾ," ಅಂದೆ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವರಿಗೆ ನೀರು ಕೊಟ್ಟಿದ್ದೇನೆ, ಇದೊಂದನ್ನು ಹೇಳಬೇಕೆಂದು ಹೊಳೆದಿರಲಿಲ್ಲ.

ಏಳೂವರೆಗೆ ಗೋಡೆ ಆರಿತು. ಬೀದಿಯಲ್ಲಿ ಯಾರೂ ಕದಲಲಿಲ್ಲ. ಐನೋ ಬಂದು ಮುನಿಸ್ವಾಮಿಯ ಮುಂದೆ ನಿಂತು ಗಲ್ಲಿಯ ಕಡೆಗೆ ಕೈ ತೋರಿಸಿದಳು, ಇನ್ನು ನಿಮ್ಮದು ಎನ್ನುವಂತೆ. ಅವರು ಒಂದು ಹೆಜ್ಜೆ ಇಟ್ಟು ನಿಂತರು. ತಿರುಗಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು.

"ನೀವ್ ಹಾಕಿ ಟೀಚರಮ್ಮ. ನಾನ್ ಇಲ್ಲೇ ನಿಂತ್ಕೋತೀನಿ."

"ನಿಮ್ದು ಕೊನೇ ದಿನ ಅಲ್ವಾ ಮುನಿಸ್ವಾಮಿ?"

"ಅದಕ್ಕೇ," ಅಂದರು.

ಮೊಬೈಲ್ ಟಾರ್ಚ್ ಹಿಡಿದು ಗಲ್ಲಿಗೆ ಓಡಿದೆ. ಪೆಟ್ಟಿಗೆಯೊಳಗೆ ಒಂದು ಹಲ್ಲಿ ಇತ್ತು. ಹಿಡಿ ನಾನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ, ಎರಡೂ ಕೈ ಹಾಕಿ ಮೇಲಕ್ಕೆ ತಳ್ಳಿದೆ. ಟಕ್ ಎಂದಿತು. ಒಂದು ಪುಟ್ಟ ಕೆಂಪು ಬಲ್ಬು ಹತ್ತಿಕೊಂಡಿತು. ಗೋಡೆಯ ಆಚೆ ಬೀದಿ ಒಂದು ಕ್ಷಣ ಪೂರ್ತಿ ಸುಮ್ಮನಾಯಿತು. ಅಲ್ಲಿ ದೀಪ ಹತ್ತುವುದನ್ನು ಮುನಿಸ್ವಾಮಿ ಹೇಗೆ ನೋಡಿದರೋ, ಕೈ ಮುಗಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ನನಗೆ ಕಂಡದ್ದು ತಗಡಿನ ಪೆಟ್ಟಿಗೆ, ಕೆಂಪು ಬಲ್ಬು, ಹಲ್ಲಿ. ಅದಕ್ಕೇ ಕೈ ಮುಗಿದೆ.