ದೇವದುರ್ಗದ ನೆಲದಲ್ಲಿ ಇದ್ದಲು ಹುಡುಕಿದ್ದು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ರೈಲಿಗೆ ಕಲ್ಲಿದ್ದಲು ಸಾಲದಾಗಿ, ಹೈದರಾಬಾದಿನ ನಮ್ಮ ಭೂಗರ್ಭ ಇಲಾಖೆಯ ಸಾಹೇಬರಿಗೆ ಕರಿ ಕಲ್ಲು ಎಲ್ಲಿ ಕಂಡರೂ ಇದ್ದಲೇ ಕಾಣುತ್ತಿತ್ತು. ದೇವದುರ್ಗದ ಕಡೆ ಒಂದು ಊರಲ್ಲಿ ಬಾವಿ ತೋಡುವಾಗ ಕರಿ ಚಕ್ಕೆಗಳು ಬಂದವಂತೆ. ಹೋಗಿ ನೋಡು ಎಂದು ನನಗೆ ಹುಕುಂ ಆಯಿತು. ರಾಯಚೂರಿನಲ್ಲಿ ಎತ್ತಿನ ಗಾಡಿಗೆ ಬ್ಯಾಟರಿ, ಮೀಟರು, ತಂತಿ ಹೇರಿಕೊಂಡು ಹೊರಟೆ. ಕಗ್ಗಲ್ಲಿನ ಈ ಸೀಮೆಯಲ್ಲಿ ಇದ್ದಲು ಎಲ್ಲಿಂದ ಬರಬೇಕು, ಇವರ ತಲೆ! ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ.

ಕೆಲಸ ಹೀಗೆ: ನೆಲಕ್ಕೆ ಸಾಲಾಗಿ ಕಬ್ಬಿಣದ ಗೂಟ ಹೊಡೆದು, ಹೊರಗಿನ ಎರಡರಿಂದ ಕರೆಂಟು ಬಿಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಒಳಗಿನ ಎರಡರಲ್ಲಿ ಅಳೆಯುವುದು. ಗೂಟಗಳು ದೂರವಾದಷ್ಟೂ ಆಳದ ಸುದ್ದಿ ಬರುತ್ತದೆ. ಬೇಸಿಗೆಯ ಎರೆಭೂಮಿ ಬಿರುಕು ಬಿಟ್ಟಿತ್ತು. ಗೂಟದ ಬುಡಕ್ಕೆ ಉಪ್ಪುನೀರು ಹಾಕದಿದ್ದರೆ ಕರೆಂಟು ಇಳಿಯುತ್ತಲೇ ಇರಲಿಲ್ಲ. ಆ ನೀರು ಹೊರಲು ಊರ ಹೆಂಗಸೊಬ್ಬಳು ಕೂಲಿಗೆ ಬಂದಳು. ನನ್ನಷ್ಟೇ ವಯಸ್ಸು, ನನಗಿಂತ ಜೋರು ಬಾಯಿ.

ಮೊದಲ ದಿನವೇ ಅವಳು ಕೊಡಗಟ್ಟಲೆ ಸುರಿಯತೊಡಗಿದಳು.

"ಏ ಯವ್ವಾ, ಗೂಟಕ್ಕ ಜಳಕ ಮಾಡಸಾಕತ್ತೀಯೇನು? ಸಾಕು!" ಎಂದು ಕೂಗಿದೆ.

"ಭೂಮಿ ಕುಡೀಲಿ ಬಿಡ್ರಿ. ಹೊಟ್ಟಿ ತಣ್ಣಗಾದ್ರ ಖರೇ ಹೇಳ್ತದ," ಎಂದಳು.

ನಾನು ನಕ್ಕೆ. ಆಮೇಲೆ ಗಾಡಿಯವನು ಸಂಗತಿ ಹೇಳಿದ. ಅವಳ ಗಂಡ ತೆಲುಗು ಸೀಮೆಯ ಇದ್ದಲ ಗಣಿಗೆ ದುಡಿಯಲು ಹೋಗಿ ವರ್ಷಗಳೇ ಆಗಿದ್ದವು. ಚೆನ್ನಾಗಿದ್ದಾನೆ ಎಂದು ಸುದ್ದಿ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಇಲ್ಲೇ ಇದ್ದಲು ಸಿಕ್ಕರೆ ಇಲ್ಲೇ ಗಣಿಯಾಗುತ್ತದೆ, ಗಂಡ ಮನೆಗೆ ಬರುತ್ತಾನೆ ಎಂದು ಅವಳು ನಂಬಿಕೊಂಡಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು.

ಬಾವಿಯ ಚಕ್ಕೆಯೊಂದನ್ನು ಅವಳ ಕೈಗಿಟ್ಟು, "ಒಲ್ಯಾಗ ಹಾಕಿ ನೋಡವಾ, ಇದು ಸುಡಂಗಿಲ್ಲ," ಎಂದೆ.

"ಯಾವಾಗೋ ಹಾಕಿ ನೋಡೀನ್ರಿ. ಮ್ಯಾಲಿಂದು ಸುಡಲಿಲ್ಲ. ತಳದಾಗಿಂದು ಸುಟ್ಟೀತು. ನೀವು ತಂತಿ ಇನ್ನಷ್ಟು ಎಳೀರಿ."

ಎಳೆದೆ. ಅಳತೆ ಏರಿತು. ಇದ್ದಲೂ ಕರೆಂಟನ್ನು ತಡೆಯುತ್ತದೆ, ಕಲ್ಲೂ ತಡೆಯುತ್ತದೆ. ಆದರೆ ಇದ್ದಲಿನ ಪದರವಾದರೆ, ಅದನ್ನು ದಾಟಿದ ಮೇಲೆ ಅಳತೆ ಇಳಿಯಬೇಕು. ಇಳಿಯಲಿ, ಒಮ್ಮೆ ಇಳಿಯಲಿ ಎಂದು ನಾನೂ ಬಯಸತೊಡಗಿದ್ದೆ. ಜೋಳದ ಕೂಳೆ ದಾಟಿ, ಹಳ್ಳದ ದಂಡೆಯವರೆಗೂ ಎಳೆದು ತಂತಿಯೇ ಮುಗಿಯಿತು. ಅಳತೆ ಇಳಿಯಲಿಲ್ಲ. ನನ್ನ ಮಾತು ಖರೆಯಾದಾಗ ಎದೆಯುಬ್ಬಿಸುವ ಚಟ ನನ್ನದು. ಆವತ್ತು ಮೀಟರನ್ನು ತಟ್ಟಿ ಮತ್ತೊಮ್ಮೆ ಅಳೆದೆ.

"ಏನಂತದ್ರೀ?" ಎಂದಳು.

"ಕಲ್ಲು, ಯವ್ವಾ."

"ಇನ್ನೂ ತಳಕ್ಕ?"

"ತಳಕ್ಕೂ ಕಲ್ಲೇ."

ಅವಳು ಕೊಡ ಎತ್ತಿಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನಾವು ಸಾಮಾನು ಹೇರುತ್ತಿದ್ದಾಗ ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದಳು. "ನನ್ನೂ ರಾಯಚೂರು ಟೇಸನ್ ಮಟ ಒಯ್ರಿ. ಗಣಿ ಇಲ್ಲಿಗೆ ಬರಂಗಿಲ್ಲಂತ ನೀವೇ ಹೇಳಿದ್ರಿ. ನಾನೇ ಅಲ್ಲಿಗೆ ಹೊಂಟೀನಿ."

"ಅಲ್ಲಿ ಅಂವ ಇನ್ನೊಬ್ಬಾಕೀನ್ನ ಮಾಡ್ಕೊಂಡಿದ್ರ?" ಎಂದಿತು ನನ್ನ ಹಾಳು ಬಾಯಿ. ಗಾಡಿಯವನು ಬೇರೆ ಕಡೆ ಮುಖ ತಿರುಗಿಸಿದ.

ಅವಳು ಮಾತ್ರ ನನ್ನನ್ನೇ ನೋಡಿದಳು. "ಊರಾಗ ಹಂಗೂ ಅಂತಾರ್ರೀ. ನನ್ನ ಕಿವಿಗೂ ಬಿದ್ದದ. ಹೋಗಿ ನೋಡ್ತೀನಿ. ಇದ್ರ ಇರ್ತಾಳ. ಕಾಯೂದಾರ ತಪ್ಪತದ."

ಗಾಡಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟೆ. ನಾವು ಹೊರಟಿದ್ದುದು ಮಾನ್ವಿಗೆ. ಅಲ್ಲಿಯೂ ಸಾಹೇಬರ ಒಂದು ಕರಿ ಕಲ್ಲು ಕಾದಿತ್ತು. ಎತ್ತುಗಳನ್ನು ರಾಯಚೂರಿನ ಕಡೆ ತಿರುಗಿಸು ಎಂದೆ.